ಟಕ್ ಹೇಳಿತಾ ಮಗಾ?

“ಪೂಜಿತಾ, ಬ್ಯಾಗ್ ತಗೊಂಡು ಬಾ.”

ಕ್ಲಾಸಿನ ಬಾಗಿಲಲ್ಲಿ ಹೆಡ್ ಟೀಚರ್ ನಿಂತಿದ್ದರು. ಬೋರ್ಡಿನ ಮೇಲೆ ಭಿನ್ನರಾಶಿಯ ಲೆಕ್ಕ ಅರ್ಧದಲ್ಲಿತ್ತು. ಐದನೆಯ ಕ್ಲಾಸಿನ ಇಪ್ಪತ್ತೆರಡು ತಲೆಗಳು ಒಟ್ಟಿಗೆ ತಿರುಗಿದವು.

“ಎಂತ ಮಾಡಿದ್ದು ಮಾರಾಯ್ತಿ ನೀನು?” ಪಕ್ಕದ ಯಶಸ್ವಿ ಪಿಸುಗುಟ್ಟಿದಳು.

“ಎಂತ ಇಲ್ಲ,” ಎಂದಳು ಪೂಜಿತಾ. ಪೆನ್ಸಿಲ್ ಬಾಕ್ಸ್ ಮುಚ್ಚಿ ಬ್ಯಾಗಿಗೆ ಹಾಕಿದಳು. ಬೈಯಲಿಕ್ಕಾದರೆ ಬ್ಯಾಗ್ ತರಲು ಹೇಳುವುದಿಲ್ಲ.

ಗೇಟಿನ ಹತ್ತಿರ ಶಿಹಾಬಣ್ಣ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಅವನು ಪೂಜಿತಾಳ ಅಜ್ಜನ ಹತ್ತಿರ ವಯರಿಂಗ್ ಕೆಲಸ ಕಲಿತವನು. ಈಗ ಅವನೇ ಊರಿನ ದೊಡ್ಡ ಎಲೆಕ್ಟ್ರಿಷಿಯನ್. ಅವಳನ್ನು ಕಂಡರೆ ಸಾಕು, ‘ಏನು ಮೇಡಂ, ವೋಲ್ಟೇಜ್ ಕಡಿಮೆ ಉಂಟಲ್ಲ ಇವತ್ತು?’ ಎಂದು ಕೀಟಲೆ ಮಾಡುವವ. ಇವತ್ತು ಹೆಲ್ಮೆಟ್ ಕೂಡ ತೆಗೆಯಲಿಲ್ಲ.

“ಶಿಹಾಬಣ್ಣ, ಅಜ್ಜನಿಗೆ ಡಿಸ್ಚಾರ್ಜ್ ಆಯ್ತಾ?”

“ಕೂತ್ಕೋ ಮಗಾ. ಗಟ್ಟಿ ಹಿಡ್ಕೋ.”

ಜಾಲ್ಸೂರು ಜಂಕ್ಷನ್‌ನಲ್ಲಿ ಕಾಸರಗೋಡಿನ ಬಸ್ಸು ಎಂದಿನಂತೆ ಹಾರ್ನ್ ಹಾಕುತ್ತಿತ್ತು. ಅದರಾಚೆ ಅಜ್ಜನ ಎಲೆಕ್ಟ್ರಿಕ್ ಅಂಗಡಿ. ಅಂಗಡಿಯ ಹಿಂದೆಯೇ ಮನೆ.

ಅಜ್ಜ ಪುತ್ತೂರಿನ ಆಸ್ಪತ್ರೆಯಲ್ಲಿದ್ದ ಇಷ್ಟು ದಿನವೂ ಅಜ್ಜಿ ಬೆಳಿಗ್ಗೆ ಅಂಗಡಿಯ ಶಟರನ್ನು ಅರ್ಧ ಎತ್ತಿಸಿ, ಒಳಗೆ ಊದುಬತ್ತಿ ಹಚ್ಚುತ್ತಿದ್ದರು. “ಯಜಮಾನ ಬರುವವರೆಗೆ ಅಂಗಡಿ ಉಸಿರಾಡ್ಲಿ,” ಎನ್ನುತ್ತಿದ್ದರು. ಸಂಜೆಯವರೆಗೂ ಅದು ಹಾಗೆಯೇ ಅರ್ಧ ತೆರೆದಿರುತ್ತಿತ್ತು.

ಇವತ್ತು ಶಟರು ನೆಲಕ್ಕೆ ಮುಟ್ಟಿತ್ತು. ಅದರ ಮುಂದೆ ಸಾಲಾಗಿ ಕೆಂಪು ಪ್ಲಾಸ್ಟಿಕ್ ಕುರ್ಚಿಗಳಿದ್ದವು.

ಯಾರೂ ಏನೂ ಹೇಳಬೇಕಾಗಲಿಲ್ಲ. ಪೂಜಿತಾ ಸ್ಕೂಟರಿನಿಂದ ಇಳಿಯದೆ ಹಾಗೆಯೇ ಕುಳಿತಳು. ಶಿಹಾಬಣ್ಣನೇ ಅವಳನ್ನು ಎತ್ತಿ ಇಳಿಸಿದ.

ಒಳಗೆ ಚಾವಡಿಯಲ್ಲಿ ಅಜ್ಜನನ್ನು ಮಲಗಿಸಿದ್ದರು. ತಲೆಯ ಹತ್ತಿರ ಎಳ್ಳೆಣ್ಣೆಯ ದೀಪ ಉರಿಯುತ್ತಿತ್ತು. ಒಬ್ಬೊಬ್ಬರೇ ಬಂದು ತುಳಸಿ ಎಲೆಯಿಂದ ಅಜ್ಜನ ಬಾಯಿಗೆ ನೀರು ಬಿಡುತ್ತಿದ್ದರು. ಅಪ್ಪ ಪೂಜಿತಾಳ ಕೈ ಹಿಡಿದು ಕರೆದುಕೊಂಡು ಹೋದ.

“ಅಜ್ಜನಿಗೆ ನೀರು ಕೊಡು ಮಗಾ.”

ಅವಳು ತುಳಸಿ ಎಲೆಯನ್ನು ಹಿಡಿದಳು. ನೀರಿನ ಹನಿ ಅವಳ ತೋರುಬೆರಳಿನಿಂದ ಜಾರಿ ಅಜ್ಜನ ತುಟಿಯ ಮೇಲೆ ಬಿತ್ತು. ಆ ಬೆರಳನ್ನು ನೋಡಿದಾಗ ಅವಳಿಗೆ ಅಳು ಬರುವ ಬದಲು ಹೆದರಿಕೆ ಬಂತು.

ಕಳೆದ ಭಾನುವಾರ ಆಸ್ಪತ್ರೆಯಲ್ಲಿ ಅಜ್ಜ ಇದೇ ಬೆರಳನ್ನು ಹಿಡಿದುಕೊಂಡು ಕೇಳಿದ್ದರು.

“ಸಂಕ್ರಮಣ ಬಂತಲ್ಲ ಮಗಾ. ಬಟನ್ ಒತ್ತಿದಿಯಾ?”

“ಒತ್ತಿದೆ ಅಜ್ಜ.”

“ಟಕ್ ಹೇಳಿತಾ?”

“ಹೇಳಿತು.”

ಅಜ್ಜ ಅವಳ ಬೆರಳ ತುದಿಯನ್ನು ತನ್ನ ಹೆಬ್ಬೆರಳಿನಿಂದ ಒಮ್ಮೆ ಮೆಲ್ಲಗೆ ಒತ್ತಿ, ನಕ್ಕು, ಕಣ್ಣು ಮುಚ್ಚಿದ್ದರು. ಅಜ್ಜ ಅವಳೊಡನೆ ಆಡಿದ ಕೊನೆಯ ಮಾತು ಅದು.

ಮತ್ತು ಅವಳು ಹೇಳಿದ್ದು ಸುಳ್ಳು.

*

ಅಜ್ಜನ ಹೆಸರು ಮಹಾಬಲ. ಜಾಲ್ಸೂರಿನ ಸುತ್ತಮುತ್ತ ಅರ್ಧಕ್ಕರ್ಧ ಮನೆಗಳಿಗೆ ಕರೆಂಟಿನ ಕೆಲಸ ಮಾಡಿದವರು ಅವರೇ. ತಿಂಗಳಿಗೊಮ್ಮೆ ಸಂಕ್ರಮಣ ಬಂದರೆ ಬೇರೆ ಮನೆಗಳಲ್ಲಿ ದೇವರಿಗೆ ದೀಪ ಇಟ್ಟು ಕೈ ಮುಗಿಯುತ್ತಾರೆ. ಈ ಮನೆಯಲ್ಲಿ ಅದಕ್ಕಿಂತ ಮೊದಲು ಇನ್ನೊಂದು ಕೆಲಸ ಇತ್ತು. ಅಜ್ಜ ಮಿಂದು ಬಂದು, ಒದ್ದೆ ಕೈ ಚೆನ್ನಾಗಿ ಒರೆಸಿಕೊಂಡು, ಚಾವಡಿಯ ಮೈನ್ ಬೋರ್ಡಿನ ಮುಂದೆ ನಿಲ್ಲುತ್ತಿದ್ದರು. ಅಲ್ಲಿ ಟ್ರಿಪ್ಪರ್ ಎಂಬ ಬಿಳಿಯ ಸ್ವಿಚ್ಚು. ಅದರ ಮೂಲೆಯಲ್ಲಿ T ಎಂದು ಬರೆದ ಸಣ್ಣ ಬಟನ್. ಅಜ್ಜ ಅದನ್ನು ಒತ್ತುತ್ತಿದ್ದರು.

ಟಕ್!

ಇಡೀ ಮನೆಯ ಕರೆಂಟು ಹೋಗುತ್ತಿತ್ತು. ಅಜ್ಜ ತೃಪ್ತಿಯಿಂದ ತಲೆದೂಗಿ, ಬಿದ್ದ ಸ್ವಿಚ್ಚನ್ನು ಮತ್ತೆ ಮೇಲಕ್ಕೆತ್ತುತ್ತಿದ್ದರು. ಆಮೇಲೆಯೇ ದೇವರ ದೀಪ.

“ಇದು ಎಂತಕ್ಕೆ ಅಜ್ಜ?” ಪೂಜಿತಾ ಒಮ್ಮೆ ಕೇಳಿದ್ದಳು.

“ನಿಮ್ಮ ಟೀಚರ್ ನಿಮ್ಮನ್ನು ಪಿಕ್ನಿಕ್ಕಿಗೆ ಕರ್ಕೊಂಡು ಹೋಗುವಾಗ ತಲೆ ಎಣಿಸ್ತಾರಾ ಇಲ್ವಾ?”

“ಹೋಗುವಾಗ್ಲೂ ಎಣಿಸ್ತಾರೆ, ಬರುವಾಗ್ಲೂ ಎಣಿಸ್ತಾರೆ.”

“ಇದೂ ಹಾಗೇ. ಒಳಗೆ ಹೋದ ಕರೆಂಟು ಅಷ್ಟೇ ವಾಪಸು ಬರ್ಬೇಕು. ಒಂಚೂರು ಕಡಿಮೆ ಆಯ್ತು ಅಂದ್ರೆ, ದಾರಿಯಲ್ಲಿ ಯಾರದ್ದೋ ಮೈಯಲ್ಲಿ ಇಳಿದು ಭೂಮಿಗೆ ಹೋಗಿದೆ ಅಂತ ಲೆಕ್ಕ. ಕೂಡಲೇ ಟಕ್! ಮನುಷ್ಯ ಅಯ್ಯೋ ಹೇಳುವ ಮೊದಲೇ ಕರೆಂಟು ಬಂದ್.”

“ಮತ್ತೆ ತಿಂಗಳು ತಿಂಗಳು ಒತ್ತುದು?”

“ಮನೆಯಲ್ಲಿ ನಾಯಿ ಸಾಕಿದ್ದೇವೆ ಅಂತ ಇಟ್ಕೋ. ಅದು ಬೊಗಳ್ತದಾ ಇಲ್ವಾ ಅಂತ ಕಳ್ಳ ಬಂದ ದಿನ ನೋಡುದಾ? ಮೊದಲೇ ನೋಡ್ಬೇಕು.”

ಕಳೆದ ಮಳೆಗಾಲ ಮುಗಿಯುವಾಗ ಅಜ್ಜನ ಕಾಲಿನ ಶಕ್ತಿ ಹೋಯಿತು. ಚಾವಡಿಯ ಪಕ್ಕದ ಕೋಣೆಯಲ್ಲಿ ಅವರು ಮಲಗಿಯೇ ಇರುತ್ತಿದ್ದರು. ಮೇಲೆ ಹಳೆಯ ಫ್ಯಾನು ಕಿರ್ ಕಿರ್ ಎಂದು ತಿರುಗುತ್ತಿತ್ತು. ಬಟನ್ ಒತ್ತುವ ಕೆಲಸ ಪೂಜಿತಾಳ ಪಾಲಿಗೆ ಬಂತು.

ಮೊದಲ ಸಂಕ್ರಮಣದಂದು ಅವಳು ಸ್ಟೂಲ್ ಹತ್ತಿ, ಕಣ್ಣು ಮುಚ್ಚಿ, ಒತ್ತಿಯೇಬಿಟ್ಟಳು. ಟಕ್! ಅಡುಗೆಮನೆಯಲ್ಲಿ ಮಿಕ್ಸಿ ನಿಂತಿತು. ಟಿವಿಯಲ್ಲಿ ಕಾರ್ಟೂನ್ ನೋಡುತ್ತಿದ್ದ ತಮ್ಮ ಅಶ್ವಿತ್ ನೆಲಕ್ಕೆ ಬಿದ್ದು ಹೊರಳಾಡಿ ಅತ್ತ. “ಚಟ್ನಿ ಅರೆಯುವಾಗಲೇ ಆಗ್ಬೇಕಾ ನಿನ್ನ ಸಂಕ್ರಮಣ?” ಎಂದು ಅಮ್ಮ ಬೈದಳು. ಬಿದ್ದ ಸ್ವಿಚ್ಚನ್ನು ಎತ್ತಲು ಹೋದರೆ ಅದು ಗಟ್ಟಿ, ಬೆರಳು ನೋವಾಯಿತು.

ಕೋಣೆಯಿಂದ ಅಜ್ಜನ ಸ್ವರ ಮಾತ್ರ ಖುಷಿಯಲ್ಲಿತ್ತು. “ಭೇಷ್ ಮಗಾ!”

ಮುಂದಿನ ತಿಂಗಳು ಅವಳು ಸ್ಟೂಲಿನವರೆಗೆ ಹೋದಳು. ಅಮ್ಮ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಬೈಗುಳ ನೆನಪಾಯಿತು. ಸ್ವಲ್ಪ ಹೊತ್ತು ನಿಂತು, ಅಜ್ಜನ ಕೋಣೆಗೆ ಬಂದು, “ಒತ್ತಿದೆ ಅಜ್ಜ,” ಎಂದಳು. ಅಜ್ಜ ಮಲಗಿದಲ್ಲಿಂದಲೇ ಮೇಲೆ ನೋಡುತ್ತ, “ಟಕ್ ಹೇಳಿತಾ ಮಗಾ?” ಎಂದು ಕೇಳಿದರು. “ಹೇಳಿತು,” ಎಂದಳು.

ಒಂದು ಸುಳ್ಳು ಹೇಳಿದ ಮೇಲೆ ಎರಡನೆಯದು ಸುಲಭ. ಹಾಗೆ ಮನೆಯಲ್ಲಿ ಮೂರು ತಿಂಗಳು, ಆಸ್ಪತ್ರೆಯಲ್ಲಿ ಒಂದು ಸಲ.

*

ತೀರಿಹೋದವರಿಗೆ ಹದಿಮೂರನೆಯ ದಿನ ಬೊಜ್ಜ. ಅವರಿಗೆ ಎಲೆ ಹಾಕಿ, ಊಟ ಬಡಿಸಿ, ನೆಮ್ಮದಿಯಿಂದ ಕಳುಹಿಸಿಕೊಡುವ ಕಾರ್ಯ. ಅಲ್ಲಿಯವರೆಗೆ ಮನೆಯಲ್ಲಿ ಒಗ್ಗರಣೆಯ ಸದ್ದಿಲ್ಲ, ಟಿವಿ ಇಲ್ಲ. ಅಜ್ಜನ ಅಂಗಡಿಯ ಶಟರೂ ಮೇಲೇಳುವಂತಿಲ್ಲ.

ಹನ್ನೆರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಮನೆಯ ಎಲ್ಲರೂ ದಣಿದು ಹೋಗಿದ್ದರು. ಅಪ್ಪ ಹರಿಪ್ರಸಾದ್ ಬಸ್ಸಿನ ಡ್ರೈವರ್. ರಜೆ ಹಾಕಿ ಊರೆಲ್ಲ ಬೊಜ್ಜದ ಹೇಳಿಕೆ ಕೊಟ್ಟು ಬಂದು, ಗೋಡೆಗೊರಗಿ ನಿಂತಲ್ಲೇ ತೂಕಡಿಸುತ್ತಿದ್ದ. ಅಮ್ಮನ ಸ್ವರ ಬಿದ್ದುಹೋಗಿತ್ತು. ಅಜ್ಜಿ ದೀಪದ ಎದುರು ಕುಳಿತು, ಎಣ್ಣೆ ಮುಗಿಯದ ಹಾಗೆ ನೋಡಿಕೊಳ್ಳುತ್ತಿದ್ದರು. ಹನ್ನೆರಡು ದಿನದಿಂದ ಅವರಿಗೆ ಅದೊಂದೇ ಕೆಲಸ.

ಪೂಜಿತಾಳಿಗೂ ಆಯಾಸ. ಎಷ್ಟು ಮಲಗಿದರೂ ಹೋಗದ ಆಯಾಸ. ಸಾವಿನ ಮನೆಗೆ ಬಂದವರೆಲ್ಲ ಅವಳ ತಲೆ ಸವರಿ, “ಅಜ್ಜನಿಗೆ ನೀನಂದ್ರೆ ಜೀವ,” ಎನ್ನುತ್ತಿದ್ದರು. ಒಬ್ಬೊಬ್ಬರು ಹಾಗೆ ಹೇಳಿದಾಗಲೂ ಅವಳು ತೋರುಬೆರಳನ್ನು ಮುಷ್ಟಿಯೊಳಗೆ ಮಡಚಿಕೊಳ್ಳುತ್ತಿದ್ದಳು.

ಹಿತ್ತಿಲಿಗೆ ಅಡುಗೆಯವರು ಬಂದಿಳಿದರು. ದೊಡ್ಡ ದೊಡ್ಡ ಪಾತ್ರೆ, ಸೌದೆ, ಜೊತೆಗೆ ಆಳೆತ್ತರದ ಕರೆಂಟಿನ ಗ್ರೈಂಡರ್.

“ಹರಿಯಣ್ಣ, ಇದಕ್ಕೊಂದು ಪ್ಲಗ್ ಪಾಯಿಂಟ್ ಕೊಡಿ ಮಾರಾಯ್ರೆ,” ಎಂದ ಅಡುಗೆಯ ಯಜಮಾನ. “ಉದ್ದು ನೆನೆ ಹಾಕಿ ಆಗಿದೆ.”

ಪೂಜಿತಾ ಹಿತ್ತಿಲಿನ ಬಾಗಿಲಲ್ಲಿ ನಿಂತು ನೋಡಿದಳು. ಪಾತ್ರೆ ತೊಳೆದ ನೀರು ಸಿಮೆಂಟು ನೆಲದ ತುಂಬ ಹರಿದಿತ್ತು. ಗ್ರೈಂಡರಿನ ವಯರು ಆ ನೀರಿನ ಪಕ್ಕದಲ್ಲೇ ಹಾವಿನಂತೆ ಬಿದ್ದಿತ್ತು. ನಾಲ್ಕು ವರ್ಷದ ಅಶ್ವಿತ್ ಬರಿಗಾಲಲ್ಲಿ ಆ ನೀರಿನಲ್ಲಿ ಥಪ್ ಥಪ್ ಎಂದು ಕುಣಿಯುತ್ತಿದ್ದ.

‘ಯಾರದ್ದೋ ಮೈಯಲ್ಲಿ ಇಳಿದು ಭೂಮಿಗೆ ಹೋಗಿದೆ ಅಂತ ಲೆಕ್ಕ.’

ಪೂಜಿತಾ ಒಳಗೆ ತಿರುಗಿದಳು. ಸ್ಟೂಲ್ ಎಳೆದುಕೊಂಡು ಚಾವಡಿಗೆ ಓಡಿದಳು. ಮೇಲೆ ಹತ್ತಿದಳು. ಕೈಯನ್ನು ಅಂಗಿಗೆ ಒರೆಸಿಕೊಂಡು T ಬಟನ್ ಒತ್ತಿದಳು.

ಸದ್ದಿಲ್ಲ.

ಇನ್ನೊಮ್ಮೆ ಒತ್ತಿದಳು. ಉಗುರು ಬಿಳಿಯಾಗುವಷ್ಟು ಗಟ್ಟಿಯಾಗಿ ಒತ್ತಿದಳು. ಏನೂ ಆಗಲಿಲ್ಲ. ಅಜ್ಜನ ಕೋಣೆಯ ಫ್ಯಾನು ಕಿರ್ ಕಿರ್ ಎಂದು ತನ್ನಷ್ಟಕ್ಕೆ ತಿರುಗುತ್ತಲೇ ಇತ್ತು. ನಾಯಿ ಬೊಗಳಲಿಲ್ಲ.

“ಅಪ್ಪ!” ಅವಳು ಅಪ್ಪನ ಅಂಗಿ ಹಿಡಿದು ಜಗ್ಗಿದಳು. “ಅಪ್ಪ, ಟ್ರಿಪ್ಪರ್ ಬೀಳುದಿಲ್ಲ.”

“ಹ್ಞಾಂ?” ಅಪ್ಪನ ಕಣ್ಣು ಕೆಂಪಾಗಿತ್ತು. “ಬೀಳುದಿಲ್ವಾ? ಒಳ್ಳೇದೇ ಆಯ್ತಲ್ಲ ಮಗಾ. ಇವತ್ತು ನಾಳೆ ಎರಡು ದಿನ ಕರೆಂಟು ಹೋಗದಿದ್ರೆ ಸಾಕು.”

“ಹಾಗಲ್ಲ ಅಪ್ಪ...”

“ಈಗ ಬೇಡ ಪೂಜಿ. ನನಗೆ ತಲೆ ಓಡುದಿಲ್ಲ. ಹೋಗು, ಅಜ್ಜಿಯ ಹತ್ತಿರ ಕೂರು.” ಅಪ್ಪ ಎಕ್ಸ್‌ಟೆನ್ಷನ್ ವಯರಿನ ಸುರುಳಿ ಎತ್ತಿಕೊಂಡು ಹಿತ್ತಿಲಿನತ್ತ ಹೊರಟ.

ಅಂಗಳದಲ್ಲಿ ಶಾಮಿಯಾನದ ಕಂಬಕ್ಕೆ ಶಿಹಾಬಣ್ಣ ಟ್ಯೂಬ್‌ಲೈಟ್ ಕಟ್ಟುತ್ತಿದ್ದ. ಏಣಿಯ ಮೇಲಿದ್ದ. ಪೂಜಿತಾ ಕೆಳಗೆ ನಿಂತು ತಲೆಯೆತ್ತಿದಳು. ಟ್ರಿಪ್ಪರ್ ಬೀಳುವುದಿಲ್ಲ ಎಂದರೆ ಸಾಕಿತ್ತು. ಆದರೆ ಅವನು ಕೇಳಿಯೇ ಕೇಳುತ್ತಾನೆ: ಯಾವಾಗಿಂದ? ಹೋದ ತಿಂಗಳು ಬಿದ್ದಿತ್ತಲ್ಲ? ಅಜ್ಜನಿಗೆ ಹಾಗೆ ಹೇಳಿದ್ದಿಯಲ್ಲ?

ಹಿತ್ತಿಲಿನಿಂದ ಅಶ್ವಿತನ ನಗು ಕೇಳಿಸಿತು. ಥಪ್ ಥಪ್ ಥಪ್.

“ಶಿಹಾಬಣ್ಣ, ಟ್ರಿಪ್ಪರ್ ಒತ್ತಿದ್ರೆ ಬೀಳುದಿಲ್ಲ!” ಅವಳು ಒಂದೇ ಉಸಿರಿಗೆ ಹೇಳಿದಳು. “ನಾನು ನಾಲ್ಕು ತಿಂಗಳಿಂದ ಒತ್ತಿಯೇ ಇಲ್ಲ. ಅಪ್ಪ ಗ್ರೈಂಡರಿಗೆ ಕರೆಂಟು ಕೊಡ್ತಿದ್ದಾರೆ. ಅಶ್ವಿ ನೀರಲ್ಲಿ ಇದ್ದಾನೆ.”

ಶಿಹಾಬಣ್ಣ ಏಣಿಯ ಕೊನೆಯ ಮೂರು ಮೆಟ್ಟಿಲು ಇಳಿಯಲೇ ಇಲ್ಲ, ಹಾರಿದ. ಚಾವಡಿಗೆ ನುಗ್ಗಿ ಮೈನ್ ಸ್ವಿಚ್ಚನ್ನು ಕೆಳಗೆ ಎಳೆದ.

ಮನೆ ಸ್ತಬ್ಧವಾಯಿತು. ಮರುಕ್ಷಣ ಎಲ್ಲ ಕಡೆಯಿಂದ ಗಲಾಟೆ ಎದ್ದಿತು.

“ಯಾರದು ಕರೆಂಟು ತೆಗೆದದ್ದು?” ಹಿತ್ತಿಲಿನಿಂದ ಅಡುಗೆಯವ ಕೂಗಿದ. “ನಾಳೆ ನಾನೂರು ಜನಕ್ಕೆ ಬಡಿಸ್ಬೇಕಾ ಬೇಡ್ವಾ?”

“ಈಗ ಕೊಟ್ಟದ್ದಷ್ಟೆ!” ಅಪ್ಪ ಒಳಗೆ ಬಂದ. ಅವನ ಮುಖ ಸಿಟ್ಟಿನಿಂದಲೋ ದಣಿವಿನಿಂದಲೋ ಕಪ್ಪಿಟ್ಟಿತ್ತು. “ಎಂತ ಶಿಹಾಬ್, ನಿನಗೂ ಈಗಲೇ ಆಗ್ಬೇಕಾ?”

ಶಿಹಾಬಣ್ಣ ಉತ್ತರ ಕೊಡುವ ಮೊದಲೇ ಪೂಜಿತಾ ಮುಂದೆ ಬಂದಳು. ಅಮ್ಮ, ಅಜ್ಜಿ, ನೆಂಟರು, ಸೌಟು ಹಿಡಿದ ಅಡುಗೆಯವ, ಎಲ್ಲರೂ ನೋಡುತ್ತಿದ್ದರು.

“ನಾನು ಹೇಳಿದ್ದು ಅಪ್ಪ. ಅದು ಹಾಳಾಗಿದೆ. ಅಜ್ಜ ಒತ್ತಲಿಕ್ಕೆ ಹೇಳಿದ್ರು, ನಾನು ಒತ್ತಲಿಲ್ಲ. ಒತ್ತಿದೆ ಅಂತ ಸುಳ್ಳು ಹೇಳಿದೆ. ಆಸ್ಪತ್ರೆಯಲ್ಲಿ ಸಹ...”

ಹನ್ನೆರಡು ದಿನದಿಂದ ಬಾರದಿದ್ದ ಅಳು ಈಗ ಬಂತು. ಬಿಕ್ಕಿ ಬಿಕ್ಕಿ ಬಂತು.

ಶಿಹಾಬಣ್ಣ ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತು, ಟವಲಿನಿಂದ ಮುಖ ಒರೆಸಿಕೊಂಡ.

“ನಾನೂ ಒಂದು ಹೇಳುದುಂಟು ಹರಿಯಣ್ಣ,” ಎಂದ ಮೆಲ್ಲಗೆ. “ಮಹಾಬಲಣ್ಣ ಆಸ್ಪತ್ರೆಯಿಂದ ನನಗೆ ಫೋನ್ ಮಾಡಿದ್ರು. ‘ಶಿಹಾಬ್, ನನ್ನ ಮನೆಯ ಟ್ರಿಪ್ಪರ್ ಒಮ್ಮೆ ನೋಡಿ ಬಾ. ನಾಲ್ಕು ತಿಂಗಳಿಂದ ಯಾರೂ ಒತ್ತಲಿಲ್ಲ’ ಅಂತ. ನನಗೆ ಗುಂಡ್ಯದಲ್ಲಿ ಹೋಟೆಲಿನ ಕೆಲಸ ಇತ್ತು. ನಾಳೆ ಹೋಗ್ತೇನೆ, ನಾಡಿದ್ದು ಹೋಗ್ತೇನೆ ಅಂತ ಹೇಳಿ ಹೇಳಿ... ಅವರು ಹೋಗಿಯೇಬಿಟ್ರು. ಆಮೇಲೆ ಮರೆತೇ ಹೋಯ್ತು. ಮೂವತ್ತು ಮನೆಯ ಕರೆಂಟು ನೋಡುವವ ನಾನು. ಗುರುಗಳ ಮನೆಯದ್ದು ಮರೆತೆ.”

ಪೂಜಿತಾಳ ಅಳು ತಟ್ಟನೆ ನಿಂತಿತು.

“ಅಜ್ಜನಿಗೆ ಗೊತ್ತಿತ್ತಾ?”

“ಗೊತ್ತಿತ್ತು. ‘ಹುಡುಗಿಯ ಹತ್ತಿರ ಎಂತದೂ ಕೇಳ್ಬೇಡ’ ಅಂತ ಸಹ ಹೇಳಿದ್ರು.”

“ಹೇಗೆ ಗೊತ್ತಾಯ್ತು?”

“ಅದು ನನಗೆ ಹೇಳ್ಲಿಲ್ಲ ಮಗಾ.”

ಶಿಹಾಬಣ್ಣ ಎದ್ದು ತನ್ನ ಚೀಲದಿಂದ ಒಂದು ಬಲ್ಬು ತೆಗೆದ. ಅದರ ಹೋಲ್ಡರಿನಲ್ಲಿ ಎರಡು ವಯರು ಇದ್ದವು. “ಬಟನ್ ಮಾತ್ರ ಹಾಳಾದದ್ದಾ ಅಂತ ನೋಡುವ,” ಎಂದು, ಗ್ರೈಂಡರಿನ ಪ್ಲಗ್ ತೆಗೆಸಿ ಮೈನ್ ಎತ್ತಿದ. ಎಲ್ಲರನ್ನೂ ದೂರ ನಿಲ್ಲಿಸಿ, ಗೋಡೆಯ ಪ್ಲಗ್ಗಿನಲ್ಲಿ ಒಂದು ವಯರನ್ನು ಕರೆಂಟು ಬರುವಲ್ಲಿಗೂ ಇನ್ನೊಂದನ್ನು ಭೂಮಿಗೆ ಹೋಗುವ ಅರ್ತಿಂಗಿಗೂ ಮುಟ್ಟಿಸಿದ. “ಈಗ ಕರೆಂಟು ಬಲ್ಬಿನ ಮೂಲಕ ಭೂಮಿಗೆ ಹೋಗ್ತದೆ. ಟ್ರಿಪ್ಪರಿಗೆ ಜೀವ ಇದ್ರೆ ಬೀಳ್ಬೇಕು.”

ಬಲ್ಬು ಉರಿಯಿತು. ಉರಿಯುತ್ತಲೇ ಇತ್ತು. ಟ್ರಿಪ್ಪರ್ ಕದಲಲಿಲ್ಲ.

ಅಪ್ಪ ಆ ಬಲ್ಬನ್ನು ನೋಡಿದ. ನೋಡಿ, ಹಿತ್ತಿಲಿಗೆ ಹೋದ. ಒದ್ದೆ ಕಾಲಿನ ಅಶ್ವಿತನನ್ನು ಎತ್ತಿಕೊಂಡು ಬಂದು ಗಟ್ಟಿಯಾಗಿ ಅಪ್ಪಿ ಹಿಡಿದು ನಿಂತ. ಅಶ್ವಿತ್ ಬಿಡಿಸಿಕೊಳ್ಳಲು ಒದ್ದಾಡಿದ. “ಅಪ್ಪ ಬಿಡು! ನಾನು ಎಂತದೂ ಮಾಡ್ಲಿಲ್ಲ!”

“ಹೊಸದು ಹಾಕ್ಬೇಕು,” ಎಂದ ಶಿಹಾಬಣ್ಣ. “ಇವತ್ತು ಭಾನುವಾರ, ಸುಳ್ಯದಲ್ಲಿ ಅಂಗಡಿ ಬಂದ್. ಪುತ್ತೂರಿಗೆ ಹೋಗಿ ಬರುವಾಗ ಸಂಜೆ ಆಗ್ತದೆ.” ಅಂಗಡಿಯ ಕಡೆ ನೋಡಿದ. “ಮಹಾಬಲಣ್ಣನ ಅಂಗಡಿಯಲ್ಲಿ ಇರ್ತದೆ. ಆದ್ರೆ...”

ಎಲ್ಲರೂ ಅಜ್ಜಿಯ ಕಡೆ ನೋಡಿದರು. ಬೊಜ್ಜ ಆಗದೆ ಆ ಶಟರು ಎತ್ತುವುದು ಹೇಗೆ?

ಅಜ್ಜಿ ದೀಪದ ಬತ್ತಿಯನ್ನು ಸ್ವಲ್ಪ ಮುಂದಕ್ಕೆ ಸರಿಸಿದರು. ಸೊಂಟದಿಂದ ಬೀಗದ ಕೈ ಬಿಚ್ಚಿದರು.

“ನಲವತ್ತು ವರ್ಷ ನೋಡಿದ್ದೇನೆ ಆ ಮನುಷ್ಯನನ್ನು,” ಎಂದರು. “ಉಣ್ಣುವಾಗ ಕೂಡ ಯಾರಾದ್ರೂ ಶಾಕ್ ಹೊಡೀತದೆ ಹೇಳಿ ಬಂದ್ರೆ, ಎಲೆ ಬಿಟ್ಟು ಏಳ್ತಿದ್ರು. ಅವರ ಅಂಗಡಿ ಎತ್ತಲಿಕ್ಕೆ ಮುಹೂರ್ತ ಎಂತಕ್ಕೆ? ಹೋಗು ಪೂಜಿ. ಮೊದಲು ಕೈ ಮುಗಿ, ಮತ್ತೆ ತೆಗೆ.”

ಶಟರು ಎತ್ತಿದಾಗ ಒಳಗಿನಿಂದ ಅಜ್ಜನ ವಾಸನೆ ಬಂತು. ವಯರಿನ ವಾಸನೆ, ಹಳೆಯ ಊದುಬತ್ತಿಯ ವಾಸನೆ. ಪೂಜಿತಾ ಖಾಲಿ ಕುರ್ಚಿಗೆ ಕೈ ಮುಗಿದಳು. ಶಿಹಾಬಣ್ಣ ಕಪಾಟಿನ ಎರಡನೆಯ ಸಾಲಿನಿಂದ ಹೊಸ ಟ್ರಿಪ್ಪರಿನ ಪೆಟ್ಟಿಗೆ ತೆಗೆದ. ಎಲ್ಲಿದೆ ಎಂದು ಹುಡುಕಬೇಕಾಗಲಿಲ್ಲ.

ಮೈನ್ ಇಳಿಸಿ ಹಳೆಯದನ್ನು ಬಿಚ್ಚಿ ತೆಗೆದಾಗ ಪೂಜಿತಾ ಅದನ್ನು ಕೈಯಲ್ಲಿ ಹಿಡಿದು ನೋಡಿದಳು.

“ನಾನು ಒತ್ತದೆ ಇದ್ದದ್ದಕ್ಕೆ ಹಾಳಾದದ್ದಾ?”

ಶಿಹಾಬಣ್ಣ ಅವಳನ್ನು ಸಮಾಧಾನ ಮಾಡಲು ಸುಳ್ಳು ಹೇಳಲಿಲ್ಲ. “ಒತ್ತದೆ ಇದ್ರೆ ಒಳಗೆ ಗಟ್ಟಿ ಹಿಡಿಯುದೂ ಉಂಟು. ತನ್ನಷ್ಟಕ್ಕೆ ಹಾಳಾಗುದೂ ಉಂಟು. ಯಾವುದು ಅಂತ ಹೇಳ್ಲಿಕ್ಕೆ ಆಗುದಿಲ್ಲ. ಒತ್ತಿದ್ರೆ ಗೊತ್ತಾಗ್ತಿತ್ತು, ಅಷ್ಟೆ.” ಹೊಸದರ ಸ್ಕ್ರೂ ಬಿಗಿ ಮಾಡಿ, ಮೈನ್ ಎತ್ತಿ, ಅವಳ ಕಡೆ ತಿರುಗಿದ. “ಬನ್ನಿ ಮೇಡಂ. ನೀವೇ ಒತ್ತಿ.”

ಪೂಜಿತಾ ಸ್ಟೂಲ್ ಹತ್ತಿದಳು. ಈ ಸಲ ಕಣ್ಣು ಮುಚ್ಚಲಿಲ್ಲ.

ಟಕ್!

ಆ ಸದ್ದಿನ ಹಿಂದೆಯೇ ಮನೆಯ ಇನ್ನೆಲ್ಲ ಸದ್ದೂ ನಿಂತಿತು. ಆ ನಿಶ್ಶಬ್ದದಲ್ಲಿ ಪಕ್ಕದ ಕೋಣೆಯಿಂದ ಒಂದು ಸ್ವರ ಮಾತ್ರ ಕೇಳಿಸಿತು. ಕಿರ್... ಕಿರ್... ಕಿ...ರ್...

ಪೂಜಿತಾ ಸ್ಟೂಲಿನ ಮೇಲಿಂದಲೇ ತಿರುಗಿ ನೋಡಿದಳು. ತೆರೆದ ಬಾಗಿಲಿನಿಂದ ಅಜ್ಜನ ಮಂಚ ಇದ್ದ ಜಾಗ ಕಾಣುತ್ತಿತ್ತು. ಅದರ ಮೇಲೆ ಹಳೆಯ ಫ್ಯಾನು ನಿಧಾನವಾಗುತ್ತಿತ್ತು. ಮೂರು ರೆಕ್ಕೆ ಬೇರೆ ಬೇರೆ ಕಂಡವು. ಆಮೇಲೆ ಪೂರ್ತಿ ನಿಂತಿತು.

ಅವಳು ನಿಂತ ಫ್ಯಾನನ್ನೇ ನೋಡುತ್ತ ಉಳಿದಳು.

ಅಜ್ಜ ದಿನವಿಡೀ ಆ ಫ್ಯಾನಿನ ಕೆಳಗೆ ಮಲಗಿರುತ್ತಿದ್ದರು. ಅವಳು ನಿಜವಾಗಿ ಒತ್ತಿದ ತಿಂಗಳು ಅದು ನಿಂತಿತ್ತು. ಆಮೇಲೆ ಒಂದು ಸಲವೂ ನಿಲ್ಲಲಿಲ್ಲ. ಅದು ಕಿರ್ ಕಿರ್ ಎಂದು ತಿರುಗುತ್ತಿರುವಾಗಲೇ, ಅದನ್ನೇ ನೋಡುತ್ತ ಅಜ್ಜ ಕೇಳುತ್ತಿದ್ದರು: “ಟಕ್ ಹೇಳಿತಾ ಮಗಾ?” ಅವಳು “ಹೇಳಿತು” ಎನ್ನುತ್ತಿದ್ದಳು. ಅಜ್ಜ ಮರು ಮಾತಾಡುತ್ತಿರಲಿಲ್ಲ. ಮುಂದಿನ ತಿಂಗಳು ಮತ್ತೆ ಕೇಳುತ್ತಿದ್ದರು.

“ಎಂತ ಪೂಜಿ, ಇಳಿ ಈಗ,” ಎಂದಳು ಅಮ್ಮ. ಸ್ವರದಲ್ಲಿ ಬೈಗುಳ ಇರಲಿಲ್ಲ.

ಶಿಹಾಬಣ್ಣ ಬಲ್ಬು ಹಿಡಿದು ಇನ್ನೊಮ್ಮೆ ಪರೀಕ್ಷೆ ಮಾಡಿದ. ಬಲ್ಬು ಮಿಣುಕ್ ಎನ್ನುವಷ್ಟರಲ್ಲಿ ಟಕ್! ಗ್ರೈಂಡರಿನ ವಯರನ್ನು ನೀರಿನಿಂದ ಮೇಲೆ, ಗೋಡೆಯ ಮೊಳೆಗೆ ಕಟ್ಟಿಸಿದ. ಸ್ವಲ್ಪ ಹೊತ್ತಿನಲ್ಲಿ ಹಿತ್ತಿಲಿನಲ್ಲಿ ಉದ್ದು ಅರೆಯುವ ಸದ್ದು ಏಳತೊಡಗಿತು.

*

ಮರುದಿನ ಮಧ್ಯಾಹ್ನ ಅಜ್ಜನ ಕೋಣೆಯಲ್ಲಿ ತುದಿ ಇರುವ ಕೊಡಿ ಬಾಳೆಲೆ ಹಾಕಿದರು. ಮಣೆಯ ಮೇಲೆ ಅಜ್ಜನ ಬಿಳಿ ಪಂಚೆ ಮಡಚಿಟ್ಟರು. ಮನೆಯವರು ಒಬ್ಬೊಬ್ಬರಾಗಿ ಒಳಗೆ ಹೋಗಿ ಅಜ್ಜನಿಗೆ ಇಷ್ಟವಾದದ್ದನ್ನು ಬಡಿಸಿದರು. ಅಜ್ಜಿ ಒಂದು ಲೋಟ ಚಾ ಇಟ್ಟರು. ಅದಕ್ಕೆ ಎರಡು ಚಮಚ ಸಕ್ಕರೆ ಹಾಕಿ, ಮತ್ತೊಂದೂ ಹಾಕಿದರು.

“ಇನ್ನು ಯಾವ ಡಾಕ್ಟ್ರು ಕೇಳ್ತಾರೆ,” ಎಂದು ಕಣ್ಣೊರೆಸಿಕೊಂಡರು.

ಪೂಜಿತಾಳ ಸರದಿ ಬಂತು. ಅವಳು ಎಲೆಯ ತುದಿಗೆ ಒಂದು ಉದ್ದಿನ ವಡೆ ಬಡಿಸಿದಳು. ದೀಪ ಆರದಿರಲೆಂದು ಅಮ್ಮ ಫ್ಯಾನು ನಿಲ್ಲಿಸಿದ್ದಳು. ಪೂಜಿತಾ ಒಮ್ಮೆ ತಲೆಯೆತ್ತಿ ಅದನ್ನು ನೋಡಿದಳು. ಆಮೇಲೆ ಮಣೆಯ ಹತ್ತಿರ ಬಗ್ಗಿ, ಯಾರಿಗೂ ಕೇಳದ ಹಾಗೆ ಹೇಳಿದಳು.

“ಅಜ್ಜ, ನಿನ್ನೆ ಒತ್ತಿದೆ. ಟಕ್ ಹೇಳಿತು.”

ಮತ್ತೆ, “ಮೊದಲು ಹೇಳಿದ್ದು ಸುಳ್ಳು,” ಎಂದಳು.

ಎಲ್ಲರೂ ಹೊರಗೆ ಬಂದ ಮೇಲೆ ಅಪ್ಪ ಬಾಗಿಲು ಮುಚ್ಚಿದ. ಅಜ್ಜ ಉಣ್ಣುವಷ್ಟು ಹೊತ್ತು ಯಾರೂ ಮಾತಾಡುವಂತಿಲ್ಲ. ಅಂಗಳದಲ್ಲಿ ಶಿಹಾಬಣ್ಣನೂ ತಲೆಗೆ ಕಟ್ಟಿದ ಟವಲು ಬಿಚ್ಚಿ, ಎರಡೂ ಅಂಗೈ ಮೇಲೆ ಮಾಡಿ, ಕಣ್ಣು ಮುಚ್ಚಿ ತನ್ನ ದೇವರಲ್ಲಿ ಬೇಡುತ್ತಿದ್ದ. ಕಾಸರಗೋಡಿನ ಬಸ್ಸೊಂದು ಜಂಕ್ಷನ್ ದಾಟಿ ಹೋಯಿತು. ಅದರ ಸದ್ದು ಕರಗಿ, ಮತ್ತೆ ಎಲ್ಲ ಸುಮ್ಮನಾಯಿತು.

ಪೂಜಿತಾ ಮುಚ್ಚಿದ ಬಾಗಿಲಿನ ಮುಂದೆ ಅಜ್ಜಿಯ ಸೆರಗು ಹಿಡಿದು ನಿಂತು, ಕಣ್ಣು ಮುಚ್ಚಿದಳು.

‘ದೇವರೇ, ನನ್ನ ಅಜ್ಜ ತುಂಬ ಮನೆಗಳನ್ನು ಕಾದಿದ್ದಾರೆ. ಅವರಿಗೆ ಬಚ್ಚಿದೆ, ತುಂಬ ದಣಿದಿದ್ದಾರೆ. ಇನ್ನು ಅವರನ್ನು ನೀನು ನೋಡಿಕೋ. ನಿನ್ನ ಹತ್ತಿರ ಅವರು ನೆಮ್ಮದಿಯಿಂದ ಮಲಗಲಿ. ಅವರ ಆತ್ಮಕ್ಕೆ ಶಾಂತಿ ಕೊಡು.’